ಮೂತಿಗೆ ಉಕ್ಕು, ಸ್ಪ್ರಿಂಗಿಗೆ ಹೊರೆ

ಈಗಿನ ಪಿಕಪ್ ವಾಹನಗಳಿಗೆ ಕಾರ್ಖಾನೆಯಿಂದ ಬರುವ ಮುಂದಿನ ಬಂಪರ್ ಬಹುಪಾಲು ಪ್ಲಾಸ್ಟಿಕ್ ಹೊದಿಕೆ. ಅದರ ಹಿಂದೆ ಒಂದು ಅಡ್ಡಪಟ್ಟಿ, ಕೆಲವು ಬ್ರಾಕೆಟ್ಟುಗಳು. ಎಲ್ಲ ಬಿಚ್ಚಿ ತೂಗಿದರೂ 20 ಕಿಲೋ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ಜಾಗಕ್ಕೆ ಕೂರಿಸುವ ಉಕ್ಕಿನ ಬಂಪರ್ ಒಂದೇ 60ರಿಂದ 80 ಕಿಲೋ ತೂಗಬಹುದು. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆದುಕೊಳ್ಳುವ ವಿಂಚ್ ಅನ್ನೂ ಅದರೊಳಗೆ ಜೋಡಿಸಿದರೆ ಇನ್ನೊಂದು 30-40 ಕಿಲೋ ಸೇರುತ್ತದೆ. ಹಳೆಯದನ್ನು ಕಳೆದು ಹೊಸದನ್ನು ಕೂಡಿದರೆ ವಾಹನದ ಮೂತಿಯ ಮೇಲೆ ಬೀಳುವ ನಿವ್ವಳ ಹೆಚ್ಚಳ ಸುಮಾರು 90 ಕಿಲೋ. ಒಂದು ಟನ್ ಸರಕು ಹೊರುವ ಗಾಡಿಗೆ ಇದೇನು ಮಹಾ ಎನ್ನಿಸುವುದು ಸಹಜ. ಆದರೆ ಆ ಒಂದು ಟನ್ನನ್ನು ಹೊರುವ ಸ್ಪ್ರಿಂಗುಗಳು ಹಿಂದಿವೆ, ಈ 90 ಕಿಲೋ ನೇತಾಡುವುದು ಮುಂದೆ.

ಇಂಥ ಬಂಪರುಗಳು ಹೆಚ್ಚಾಗಿ ಬಳಕೆಯಲ್ಲಿರುವುದು ಆಸ್ಟ್ರೇಲಿಯಾದ ಒಳನಾಡಿನಲ್ಲಿ. ಮುಸ್ಸಂಜೆಯಲ್ಲಿ ರಸ್ತೆಗೆ ಜಿಗಿಯುವ ಕಾಂಗರೂ, ಬೇಲಿಯಿಲ್ಲದ ಬಯಲಿನಲ್ಲಿ ಅಡ್ಡಾಡುವ ದನ, ನೂರಾರು ಕಿಲೋಮೀಟರ್ ದೂರದಲ್ಲಿರುವ ಗ್ಯಾರೇಜು: ಇವೆಲ್ಲ ಸೇರಿ ಅಲ್ಲಿ ಬುಲ್ ಬಾರ್ ಎಂದು ಕರೆಯುವ ಈ ಬಂಪರ್ ಅಗತ್ಯದ ವಸ್ತುವಾಯಿತು. ಮೆಲ್ಬರ್ನ್‌ನಲ್ಲಿ 1975ರಲ್ಲಿ ಹುಟ್ಟಿದ ಎಆರ್‌ಬಿ ಕಂಪನಿ ಬೆಳೆದದ್ದೇ ಇಂಥ ಸಾಮಾನು ಮಾಡುತ್ತ. ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಂಗರೂ ಬದಲಿಗೆ ಜಿಂಕೆ. ಅಲ್ಲಿಯ ರ‍್ಯಾಂಚುಗಳ ದೊಡ್ಡ ಪಿಕಪ್‌ಗಳಿಗೆ ಇನ್ನೂ ದಪ್ಪನೆಯ ಉಕ್ಕು ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಅತಿಹೆಚ್ಚು ಮಾರಾಟವಾದ ಟೊಯೋಟಾ ಹೈಲಕ್ಸ್ ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನ ಪಕ್ಕದ ಬಿಡದಿಯ ಕಾರ್ಖಾನೆಯಿಂದ ಹೊರಬೀಳುತ್ತಿರುವ ಹೈಲಕ್ಸ್ ಕೂಡ ಇದೇ ಜಾಯಮಾನದ್ದು: ಮುಂದೆ ಎರಡು ಚಕ್ರಗಳಿಗೂ ಬೇರೆಬೇರೆ ತೋಳು ಮತ್ತು ಸುರುಳಿ ಸ್ಪ್ರಿಂಗು, ಹಿಂದೆ ಒಂದೇ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗಿನ ಪ್ಲೇಟುಗಳು.

ಹೈಲಕ್ಸ್‌ನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 3,085 ಮಿಲಿಮೀಟರ್. ಬಂಪರ್ ಇರುವುದು ಈ ಅಂತರದೊಳಗಲ್ಲ, ಮುಂದಿನ ಆಕ್ಸಲ್‌ಗಿಂತ ಸುಮಾರು 850 ಮಿಲಿಮೀಟರ್ ಆಚೆ. ಹೀಗಾಗಿ ಮುಂದಿನ ಆಕ್ಸಲ್ ಏತದ ಕಂಬದಂತೆ ನಿಲ್ಲುತ್ತದೆ: ಒಂದು ತುದಿ ತಗ್ಗಿದಷ್ಟೂ ಇನ್ನೊಂದು ತುದಿ ಮೇಲೇಳುತ್ತದೆ. ಲೆಕ್ಕ ಸರಳ. 90 ಕಿಲೋವನ್ನು 3,935ರಿಂದ ಗುಣಿಸಿ 3,085ರಿಂದ ಭಾಗಿಸಿದರೆ 115 ಕಿಲೋ ಬರುತ್ತದೆ. ಅಂದರೆ ಕೂರಿಸಿದ್ದು 90 ಕಿಲೋ, ಮುಂದಿನ ಚಕ್ರಗಳಿಗೆ ಬಿದ್ದದ್ದು 115. ಮಿಕ್ಕ 25 ಕಿಲೋ ಹಿಂದಿನ ಚಕ್ರಗಳ ಮೇಲಿಂದ ಎತ್ತಿ ತಂದದ್ದು. ತೂಕದ ಕಾಟಾ ಮೇಲೆ ಮುಂದಿನ ಆಕ್ಸಲ್ ಒಂದನ್ನೇ ನಿಲ್ಲಿಸಿ ತೂಗಿದರೆ ಈ ಹೆಚ್ಚಳ ಕಣ್ಣಿಗೇ ಕಾಣುತ್ತದೆ. ಇಡೀ ಗಾಡಿಯನ್ನು ತೂಗಿದವರಿಗೆ ಅದು ಕಾಣುವುದಿಲ್ಲ.

ಪಿಕಪ್‌ನ ಎರಡು ತುದಿಗಳ ಸಸ್ಪೆನ್ಷನ್ ಎರಡು ಬೇರೆ ಕೆಲಸಕ್ಕೆ ಮಾಡಿದವು. ಹಿಂದಿನ ಪ್ಲೇಟುಗಳು ಇವತ್ತು ಖಾಲಿ, ನಾಳೆ ಸಿಮೆಂಟ್ ಮೂಟೆ ಎಂಬ ಬದುಕಿಗೆ ಸಿದ್ಧವಾಗಿರುತ್ತವೆ. ಹೊರೆ ಏರಿದಾಗ ಕೆಳಗಿನ ದಪ್ಪ ಪ್ಲೇಟು ತಾಗಿ ಬಿಗಿ ಹೆಚ್ಚುವಂತೆಯೂ ಹಲವು ಗಾಡಿಗಳಲ್ಲಿ ವ್ಯವಸ್ಥೆಯಿದೆ. ಮುಂದಿನ ಸುರುಳಿ ಸ್ಪ್ರಿಂಗುಗಳ ಪಾಡು ಹಾಗಲ್ಲ. ಅವುಗಳ ಮೇಲೆ ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ನಿನ ಒಂದು ಪಾಲು, ಇಬ್ಬರು ಕೂರುವವರು ಇಷ್ಟೇ ಭಾರ. ಹಿಂದೆ ಎಷ್ಟೇ ಸರಕು ತುಂಬಿದರೂ ಮುಂದಿನ ತೂಕ ದೊಡ್ಡದಾಗಿ ಬದಲಾಗುವುದಿಲ್ಲ. ಆದ್ದರಿಂದ ತಯಾರಕರು ಅವನ್ನು ಕಿರಿದಾದ ವ್ಯಾಪ್ತಿಗೆ, ಸವಾರಿ ಮೆತ್ತಗಿರುವಂತೆ ಹದಮಾಡಿರುತ್ತಾರೆ. ಹಿಂದೆ ಹಾಕಿದರೆ ಲೆಕ್ಕಕ್ಕೇ ಬಾರದ 115 ಕಿಲೋ ಮುಂದೆ ಸಮಸ್ಯೆಯಾಗುವುದು ಈ ಕಾರಣಕ್ಕೆ. ಸರಕನ್ನಾದರೆ ಸಂಜೆ ಇಳಿಸಬಹುದು, ಬಂಪರನ್ನು ಯಾರೂ ಇಳಿಸುವುದಿಲ್ಲ. ಆ ಭಾರ ಸ್ಪ್ರಿಂಗಿನ ಮೇಲೆ ಗಾಡಿ ನಿಂತಿರುವಾಗಲೂ ಇದ್ದೇ ಇರುತ್ತದೆ.

ಮೊದಲು ಕಾಣುವ ಪರಿಣಾಮ ಮೂತಿ ತಗ್ಗುವುದು. ಈ ಮಾದರಿಯ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗು ಚಕ್ರದ ನೇರ ಮೇಲೆ ಇರದೆ, ಕೆಳಗಿನ ತೋಳಿನ ಮಧ್ಯಭಾಗದಲ್ಲಿ ಕೂತಿರುತ್ತದೆ. ಹೀಗಾಗಿ ಸ್ಪ್ರಿಂಗು ಎಷ್ಟೇ ಗಟ್ಟಿಯಿದ್ದರೂ ಚಕ್ರದ ಬಳಿ ಅದರ ಬಿಗಿ ಬಹಳಷ್ಟು ಕಡಿಮೆಯಾಗಿ ಸಿಗುತ್ತದೆ. ತೋಳಿನ ಅನುಪಾತ 0.6 ಇದ್ದರೆ ಸಿಗುವುದು ಅದರ ವರ್ಗ, ಅಂದರೆ ಶೇ 36 ಮಾತ್ರ. ಚಕ್ರದ ಬಳಿಯ ಬಿಗಿ ಮಿಲಿಮೀಟರಿಗೆ 35 ನ್ಯೂಟನ್ ಎಂದಿಟ್ಟುಕೊಂಡರೆ, ಪ್ರತಿ ಚಕ್ರಕ್ಕೆ ಬೀಳುವ ಹೆಚ್ಚುವರಿ 57 ಕಿಲೋಗೆ ಮೂತಿ 16 ಮಿಲಿಮೀಟರ್ ಕುಗ್ಗುತ್ತದೆ. ಹಿಂಭಾಗ ಎರಡು ಮೂರು ಮಿಲಿಮೀಟರ್ ಏಳುತ್ತದೆ. ಹಳೆಯ, ಸೊರಗಿದ ಸ್ಪ್ರಿಂಗಾದರೆ ಮೂತಿ ಮೊದಲೇ ತಗ್ಗಿರುತ್ತದೆ.

ಹದಿನಾರು ಮಿಲಿಮೀಟರ್ ಎಂದರೆ ಒಂದು ಬೆರಳಿನ ಅಗಲ. ನೋಡುವವರಿಗೆ ಗೊತ್ತಾಗದಿರಬಹುದು, ಆದರೆ ಸಸ್ಪೆನ್ಷನ್ನಿಗೆ ಗೊತ್ತಾಗುತ್ತದೆ. ಚಕ್ರ ಮೇಲಕ್ಕೆ ಚಲಿಸಲು 80 ಮಿಲಿಮೀಟರ್ ಜಾಗವಿತ್ತು ಎಂದುಕೊಂಡರೆ ಈಗ ಉಳಿದದ್ದು 64. ಕಳೆದುಕೊಂಡ ದೂರ ಐದರಲ್ಲಿ ಒಂದು ಪಾಲಾದರೂ, ಕಳೆದುಕೊಂಡ ತಾಳಿಕೆ ಅದಕ್ಕಿಂತ ದೊಡ್ಡದು. ಹಂಪ್ ಅಥವಾ ಗುಂಡಿಯ ಪೆಟ್ಟನ್ನು ಸ್ಪ್ರಿಂಗು ನುಂಗುವ ಸಾಮರ್ಥ್ಯ ಚಲನೆಯ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. 64ನ್ನು 80ರಿಂದ ಭಾಗಿಸಿ ವರ್ಗ ಮಾಡಿದರೆ 0.64. ಅಂದರೆ ಪೆಟ್ಟು ತಡೆಯುವ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ತಡೆಯಬೇಕಾದ ತೂಕ ಮಾತ್ರ ಏರಿತು. ಮೊದಲು ಆರಾಮವಾಗಿ ದಾಟುತ್ತಿದ್ದ ಹಂಪ್ ಮೇಲೆ ಈಗ ಮುಂದಿನಿಂದ 'ಧಡ್' ಎಂಬ ಸದ್ದು ಬರುವುದು ಇದರಿಂದಲೇ. ತೋಳು ಹೋಗಿ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ, ಆ ಪೆಟ್ಟು ನೇರ ಚಾಸಿಗೆ ಏರುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಬದಲಾಯಿಸಿಯೂ ಸದ್ದು ನಿಲ್ಲದ ಗಾಡಿಗಳಲ್ಲಿ ಒಮ್ಮೆ ಆ ರಬ್ಬರನ್ನು ನೋಡುವುದು ಒಳ್ಳೆಯದು. ಅದರ ತುದಿ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಉತ್ತರ ಅಲ್ಲೇ ಇದೆ.

ಸ್ಪ್ರಿಂಗು ಅದೇ ಇದ್ದು ಭಾರ ಹೆಚ್ಚಿದರೆ ಗಾಡಿಯ ಓಲಾಟದ ಗತಿ ನಿಧಾನವಾಗುತ್ತದೆ. ಒಂದು ಚಕ್ರದ ಸ್ಪ್ರಿಂಗಿನ ಮೇಲೆ 520 ಕಿಲೋ ಇದ್ದಾಗ ಸೆಕೆಂಡಿಗೆ ಸುಮಾರು 1.31 ಬಾರಿ ಏರಿಳಿಯುತ್ತಿದ್ದ ಮೂತಿ, ಈ ಹೊಸ ಭಾರಕ್ಕೆ 1.24ಕ್ಕೆ ಇಳಿಯುತ್ತದೆ. ಸವಾರಿ ಮೊದಲಿಗಿಂತ ಮೆತ್ತಗಾಯಿತು ಎಂದು ಕೆಲವರು ಖುಷಿಪಡುವುದೂ ಉಂಟು. ಆ ಖುಷಿ ಸುಳ್ಳೇನಲ್ಲ, ನುಣುಪು ರಸ್ತೆಯಲ್ಲಿ ಹಾಗೆ ಅನ್ನಿಸುತ್ತದೆ. ಆದರೆ ಆ ಏರಿಳಿತವನ್ನು ಹಿಡಿದು ನಿಲ್ಲಿಸಬೇಕಾದ ಶಾಕ್ ಅಬ್ಸಾರ್ಬರ್ ಹಳೆಯ ತೂಕಕ್ಕೆ ಹೊಂದಿಸಿದ್ದು. ಭಾರ ಏರಿದಂತೆ ಅದರ ಹಿಡಿತ ತುಸು ಸಡಿಲವಾಗುತ್ತದೆ. ಒಮ್ಮೆ ಕುಗ್ಗಿ ಎದ್ದು ನಿಲ್ಲುತ್ತಿದ್ದ ಮೂತಿ ಇನ್ನೊಂದು ಅರ್ಧ ಸುತ್ತು ತೂಗಿ ನಿಲ್ಲುತ್ತದೆ. ಒಳಗಿನ ಎಣ್ಣೆ ಹೆಚ್ಚು ದುಡಿದು ಹೆಚ್ಚು ಬಿಸಿಯಾಗುತ್ತದೆ. ಆಸ್ಟ್ರೇಲಿಯಾದ ಒಳನಾಡಿನ ಮಣ್ಣುರಸ್ತೆಗಳಲ್ಲಿ ತಗಡಿನ ಶೀಟಿನಂತೆ ಏಳುವ ಸಾಲುಸಾಲು ಉಬ್ಬುಗಳ ಮೇಲೆ ಗಂಟೆಗಟ್ಟಲೆ ಓಡಿದ ಶಾಕ್ ಅಬ್ಸಾರ್ಬರುಗಳು ಸುಟ್ಟುಕೊಂಡು ಸೋರುವುದರಲ್ಲಿ ಈ ಬಿಸಿಯ ಪಾಲು ದೊಡ್ಡದು.

ಇಷ್ಟರವರೆಗಿನದು ತೂಕದ ಮಾತು. ತೂಕ ಎಲ್ಲಿದೆ ಎಂಬುದು ಇನ್ನೊಂದು ಮಾತು, ಬಹುಶಃ ಹೆಚ್ಚು ಮುಖ್ಯವಾದದ್ದು. ವಾಹನ ಮುಂದೆ-ಹಿಂದೆ ತೂಗುವಾಗ ಅದು ತನ್ನ ಗುರುತ್ವಕೇಂದ್ರದ ಸುತ್ತ ತಿರುಗುತ್ತದೆ. ಅಲ್ಲಿಂದ ದೂರದಲ್ಲಿರುವ ಪ್ರತಿ ಕಿಲೋ ಆ ತೂಗಾಟವನ್ನು ಶುರುಮಾಡುವುದಕ್ಕೂ ನಿಲ್ಲಿಸುವುದಕ್ಕೂ ದೂರದ ವರ್ಗದಷ್ಟು ಅಡ್ಡಿಮಾಡುತ್ತದೆ. ಬಂಪರ್ ಕೇಂದ್ರದಿಂದ ಎರಡೂಕಾಲು ಮೀಟರ್ ದೂರದಲ್ಲಿದೆ. ಅದೇ 90 ಕಿಲೋವನ್ನು ಕೇಂದ್ರದಿಂದ ಅರ್ಧ ಮೀಟರ್ ದೂರದಲ್ಲಿ, ಸೀಟಿನ ಕೆಳಗೆ ಇಟ್ಟಿದ್ದರೆ ಆಗುತ್ತಿದ್ದ ಅಡ್ಡಿಗಿಂತ ಮೂತಿಯಲ್ಲಿ ಇಟ್ಟಾಗ 20 ಪಟ್ಟು ಹೆಚ್ಚು. ಅಲೆಅಲೆಯಾದ ಹೆದ್ದಾರಿಯಲ್ಲಿ ಖಾಲಿ ಪಿಕಪ್ ಒಂದು ತಗ್ಗಿನಿಂದ ಎದ್ದು ಇನ್ನೊಂದು ತಗ್ಗಿಗೆ ತಲೆಬಾಗುತ್ತ ಹೋಗುವುದಕ್ಕೆ ಕಾರಣ ಇದು. ತಿರುವಿನಲ್ಲೂ ಇದೇ ಕಥೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೆ ಮೂತಿ ಹೊರಳುವುದಿಲ್ಲ, ಹೊರಳಿದ ಮೇಲೆ ಬೇಗ ನಿಲ್ಲುವುದೂ ಇಲ್ಲ. ಮುಂದಿನ ಟೈರುಗಳ ಮೇಲೆ ಭಾರ ಹೆಚ್ಚಿದರೆ ಅವುಗಳ ಹಿಡಿತವೂ ಹೆಚ್ಚುತ್ತದೆ, ನಿಜ. ಆದರೆ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ವೇಗದ ತಿರುವಿನಲ್ಲಿ ಗಾಡಿ ಅಂದುಕೊಂಡದ್ದಕ್ಕಿಂತ ಹೊರಗೆ ಹೋಗಲು ನೋಡುತ್ತದೆ.

ಬ್ರೇಕ್ ಹಾಕಿದಾಗ ಮೂತಿ ತಗ್ಗುವುದು ಎಲ್ಲ ವಾಹನಗಳಲ್ಲೂ ಇದ್ದದ್ದೇ. ಇಲ್ಲಿ ಅದು ಈಗಾಗಲೇ 16 ಮಿಲಿಮೀಟರ್ ತಗ್ಗಿದ ಜಾಗದಿಂದ ಶುರುವಾಗುತ್ತದೆ. ಹಿಂದಿನ ಚಕ್ರಗಳು ಮೊದಲೇ 25 ಕಿಲೋ ಹಗುರವಾಗಿರುವುದರಿಂದ ಖಾಲಿ ಗಾಡಿಯ ಹಿಂಭಾಗ ಜಾರುವ ಸಂಭವ ಹೆಚ್ಚು. ಎಬಿಎಸ್ ಇರುವ ಗಾಡಿಯಲ್ಲಿ ಅದು ಸಂಭಾಳಿಸಿಕೊಳ್ಳುತ್ತದೆ, ಹಳೆಯ ಗಾಡಿಗಳಲ್ಲಿ ಚಾಲಕನೇ ಸಂಭಾಳಿಸಬೇಕು.

ಮೂತಿ ಕುಗ್ಗಿದಾಗ ಚಕ್ರಗಳ ಕೋನಗಳೂ ಬದಲಾಗುತ್ತವೆ. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಎರಡೂ ಏರಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತನ್ನದೇ ಕಮಾನಿನಲ್ಲಿ ಚಲಿಸುವುದರಿಂದ ಎರಡು ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರವೋ ದೂರವೋ ಆಗುತ್ತದೆ. ಟೈರಿನ ಒಳ ಅಂಚು ಬೇಗ ಸವೆದು, ಹೊರ ಅಂಚು ಹೊಸದರಂತೆ ಉಳಿದಿದ್ದರೆ ಇದೇ ಗುರುತು. ಇನ್ನೊಂದು ಬದಲಾವಣೆ ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿದಾಗ ಮಾತ್ರ ಗೊತ್ತಾಗುವಂಥದ್ದು. ಮುಂದೆ 16, ಹಿಂದೆ 3 ಮಿಲಿಮೀಟರ್ ಎಂದರೆ ಇಡೀ ಗಾಡಿ ಸುಮಾರು ಮೂರನೇ ಒಂದು ಡಿಗ್ರಿ ಮುಂದಕ್ಕೆ ಬಾಗಿದೆ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ನೆರವಾಗುವ ಕ್ಯಾಸ್ಟರ್ ಕೋನದಲ್ಲಿ ಅಷ್ಟು ಕಡಿಮೆಯಾಯಿತು. ಹೆದ್ದಾರಿಯಲ್ಲಿ ಗಾಡಿ ಸಣ್ಣಗೆ ಅತ್ತಿತ್ತ ಅಲೆಯುತ್ತಿದೆ ಎಂಬ ದೂರು ಬಂದಾಗ ಮೆಕ್ಯಾನಿಕ್‌ಗಳು ಮೊದಲು ಟೈರು ನೋಡುತ್ತಾರೆ, ನೋಡಬೇಕಾದ್ದು ಈ ಕೋನವನ್ನೂ.

ಅದೇ ಬಾಗುವಿಕೆ ಹೆಡ್‌ಲೈಟಿಗೂ ತಟ್ಟುತ್ತದೆ. ನೆಲದಿಂದ 90 ಸೆಂಟಿಮೀಟರ್ ಎತ್ತರದ ದೀಪವನ್ನು ನೂರಕ್ಕೆ ಒಂದರಷ್ಟು ಇಳಿಜಾರಿಗೆ ಹೊಂದಿಸಿದ್ದರೆ ಡಿಮ್ ಬೆಳಕಿನ ಅಂಚು 90 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಗಾಡಿ 19 ಮಿಲಿಮೀಟರ್ ಬಾಗಿದಾಗ ಅದು 55 ಮೀಟರಿಗೇ ಮುಗಿಯುತ್ತದೆ. ಕಾಂಗರೂಗೆ ಹೆದರಿ ಹಾಕಿಸಿದ ಬಂಪರ್ ಕಾಂಗರೂ ಕಾಣುವ ದೂರವನ್ನೇ ಕಡಿಮೆ ಮಾಡುತ್ತದೆ. ಕೈಯಿಂದ ತಿರುಗಿಸುವ ಲೆವೆಲಿಂಗ್ ಗುಂಡಿ ಇದಕ್ಕೆ ಪೂರ್ತಿ ಪರಿಹಾರವಲ್ಲ. ಅದು ಇರುವುದು ಹಿಂದೆ ಸರಕು ತುಂಬಿ ಮೂತಿ ಎದ್ದಾಗ ದೀಪ ಇಳಿಸಲು, ಹೊಂದಿಸಿದ ಮಟ್ಟಕ್ಕಿಂತ ಮೇಲೆತ್ತಲು ಅಲ್ಲ.

ಎಲ್ಲ ಪಿಕಪ್‌ಗಳಲ್ಲೂ ಪರಿಣಾಮ ಒಂದೇ ರೀತಿ ಇರುವುದಿಲ್ಲ. ಫೋರ್ಡ್ ಎಫ್-250 ಮತ್ತು ರಾಮ್ 2500ರ ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ, ಆಸ್ಟ್ರೇಲಿಯಾದ ಗಣಿ ಮತ್ತು ಪಶುಪಾಲನೆಯ ನೆಚ್ಚಿನ ಗಾಡಿಯಾದ ಲ್ಯಾಂಡ್ ಕ್ರೂಸರ್ 79ರಲ್ಲಿ ಮುಂದೆಯೂ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಅಲ್ಲಿ ಮೂತಿ ಕುಗ್ಗಿದರೂ ಚಕ್ರದ ತಲೆ ಒಳಕ್ಕೆ ವಾಲುವುದಿಲ್ಲ. ಬದಲಿಗೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿರುವ ರಾಡಿನಿಂದಾಗಿ ಇಡೀ ಆಕ್ಸಲ್ ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. ಷೆವರ್ಲೆಯ ಸಿಲ್ವೆರಾಡೊ 2500 ಎಚ್‌ಡಿಯಲ್ಲಿ ಸುರುಳಿ ಸ್ಪ್ರಿಂಗಿನ ಜಾಗದಲ್ಲಿ ತಿರುಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳು, ಟಾರ್ಷನ್ ಬಾರ್, ಇದೆ. ಅಮೆರಿಕದ ಈ ದೊಡ್ಡ ಗಾಡಿಗಳಿಗೆ ಹಿಮ ತಳ್ಳುವ ನೇಗಿಲು ಕಟ್ಟುವವರಿಗಾಗಿ ಕಂಪನಿಗಳೇ ಹೆಚ್ಚು ಬಿಗಿಯ ಮುಂದಿನ ಸ್ಪ್ರಿಂಗುಗಳಿರುವ ಪ್ಯಾಕೇಜ್ ಮಾರುತ್ತವೆ. ಮೂತಿಗೆ ಭಾರ ಬಿದ್ದರೆ ಸ್ಪ್ರಿಂಗು ಬದಲಾಗಬೇಕು ಎಂಬುದನ್ನು ತಯಾರಕರು ಒಪ್ಪಿಕೊಂಡಿರುವುದಕ್ಕೆ ಬೇರೆ ಪುರಾವೆ ಬೇಡ.

ಪರಿಹಾರಕ್ಕೆ ಬಂದರೆ, ಎಲ್ಲರೂ ಮೊದಲು ಕೈಹಾಕುವುದು ಅಗ್ಗದ ದಾರಿಗೆ: ಸ್ಪ್ರಿಂಗಿನ ಮೇಲೆ ಅಲ್ಯೂಮಿನಿಯಂ ಅಥವಾ ಪಾಲಿಯುರೆಥೇನ್ ಸ್ಪೇಸರ್ ಇಟ್ಟು ಮೂತಿ ಎತ್ತುವುದು. ಟಾರ್ಷನ್ ಬಾರ್ ಇದ್ದರೆ ಅದರ ಬೋಲ್ಟ್ ಬಿಗಿಮಾಡುವುದು. ಗಾಡಿ ಮಟ್ಟಕ್ಕೆ ಬರುತ್ತದೆ, ನೋಟ ಸರಿಹೋಗುತ್ತದೆ. ಆದರೆ ಸ್ಪ್ರಿಂಗಿನ ಬಿಗಿ ಇದ್ದಷ್ಟೇ ಇರುತ್ತದೆ. ಓಲಾಟದ ಗತಿ, ಶಾಕ್ ಅಬ್ಸಾರ್ಬರಿನ ಸಡಿಲ, ಬ್ರೇಕಿನ ತಗ್ಗು ಯಾವುದೂ ಬದಲಾಗುವುದಿಲ್ಲ. ಎತ್ತಿದ್ದು ಅತಿಯಾದರೆ ಚಕ್ರ ಕೆಳಕ್ಕೆ ಇಳಿಯುವ ಜಾಗ ಕಡಿಮೆಯಾಗಿ, ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರ್ ತನ್ನ ಪೂರ್ತಿ ಉದ್ದಕ್ಕೆ ಹಿಗ್ಗಿ ಜಗ್ಗುತ್ತದೆ. ಮುಂದಿನ ಚಕ್ರಗಳಿಗೆ ಚಾಲನೆ ಕೊಡುವ ಸಿವಿ ಜಾಯಿಂಟುಗಳ ಕೋನವೂ ಕಡಿದಾಗುತ್ತದೆ. ಮಟ್ಟವನ್ನು ಸರಿಮಾಡುವುದೂ ಭಾರವನ್ನು ಹೊರುವುದೂ ಎರಡು ಬೇರೆ ಕೆಲಸ.

ಸರಿಯಾದ ದಾರಿ ಬಂಪರ್ ತೂಕಕ್ಕೆ ಹೊಂದುವ ಸ್ಪ್ರಿಂಗು. ಬದಲಿ ಸ್ಪ್ರಿಂಗು ಮಾಡುವ ಕಂಪನಿಗಳು ಒಂದೇ ಮಾದರಿಯ ಗಾಡಿಗೆ ಖಾಲಿ ಮೂತಿ, ಬುಲ್ ಬಾರ್, ಬುಲ್ ಬಾರ್ ಜತೆಗೆ ವಿಂಚ್ ಎಂದು ಬೇರೆಬೇರೆ ಬಿಗಿಯವನ್ನು ಪಟ್ಟಿಮಾಡಿರುತ್ತವೆ. ಇಲ್ಲಿ ಆಸೆ ಹೆಚ್ಚಾಗಬಾರದು. ಮುಂದೊಂದು ದಿನ ವಿಂಚ್ ಹಾಕಿಸೋಣ ಎಂದು ಈಗಲೇ ಗಟ್ಟಿಯಾದದ್ದು ಕೂರಿಸಿದರೆ, ಆ ದಿನ ಬರುವವರೆಗೆ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಪೆಟ್ಟು. ಸ್ಪ್ರಿಂಗಿನ ಜತೆಗೆ ಶಾಕ್ ಅಬ್ಸಾರ್ಬರ್ ಬದಲಾಗಲೇಬೇಕು. ಗಟ್ಟಿ ಸ್ಪ್ರಿಂಗು ಕುಗ್ಗಿದ ಮೇಲೆ ಜೋರಾಗಿ ಹಿಂದಕ್ಕೆ ತಳ್ಳುತ್ತದೆ, ಹಳೆಯ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯುವ ಕಸುವು ಇರುವುದಿಲ್ಲ.

ಸ್ಪ್ರಿಂಗು ಬದಲಾಯಿಸಿದ ಮಾತ್ರಕ್ಕೆ ವಾಹನ ಹೊರಬಹುದಾದ ಮಿತಿ ಹೆಚ್ಚುವುದಿಲ್ಲ ಎಂಬುದು ಬಹಳ ಜನ ಮರೆಯುವ ವಿಷಯ. ಮುಂದಿನ ಆಕ್ಸಲ್ ಎಷ್ಟು ಭಾರಕ್ಕೆ ಯೋಗ್ಯ ಎಂಬ ಅಂಕಿಯನ್ನು ತಯಾರಕರು ನಿಗದಿಮಾಡಿರುತ್ತಾರೆ. ಅಮೆರಿಕದ ಗಾಡಿಗಳಲ್ಲಿ ಅದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಆ ಮಿತಿ ಬರೀ ಸ್ಪ್ರಿಂಗಿನದಲ್ಲ. ಬಾಲ್ ಜಾಯಿಂಟು, ತೋಳಿನ ಬುಷ್, ವೀಲ್ ಬೇರಿಂಗು, ಟೈರು ಎಲ್ಲವೂ ಸೇರಿ ಆದದ್ದು. ಬಂಪರ್ ಕೂರಿಸಿದ ಗಾಡಿಯಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಈ ಸಣ್ಣ ಭಾಗಗಳೇ.

ಭಾರವನ್ನು ಹೊರುವ ದಾರಿ ಹುಡುಕುವ ಮೊದಲು ಭಾರವನ್ನೇ ಇಳಿಸಬಹುದೇ ಎಂದು ನೋಡುವುದು ಜಾಣತನ. ಅಲ್ಯೂಮಿನಿಯಂ ಬಂಪರ್ ಉಕ್ಕಿನದಕ್ಕಿಂತ ಬಹಳ ಹಗುರ, ಬೆಲೆ ಮಾತ್ರ ಹೆಚ್ಚು. ವಿಂಚಿನ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಸುತ್ತಿದರೆ ಮೂತಿಯ ತುತ್ತತುದಿಯಿಂದಲೇ ಹಲವು ಕಿಲೋ ಇಳಿಯುತ್ತದೆ. ಎಂಜಿನ್ ಕೋಣೆಯಲ್ಲಿ ಎರಡನೇ ಬ್ಯಾಟರಿ ಇದ್ದರೆ ಅದನ್ನು ಹಿಂದಿನ ಟ್ರೇಗೆ ಸಾಗಿಸುವುದು ಇನ್ನೂ ಸುಲಭ.

ಭಾರತದಲ್ಲಿ ಈ ಲೆಕ್ಕಕ್ಕೆ ಮೊದಲೇ ಕಾನೂನು ಅಡ್ಡಬರುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಬುಲ್ ಬಾರ್ ಮತ್ತು ಕ್ರ್ಯಾಶ್ ಗಾರ್ಡ್ ಅಳವಡಿಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಉಲ್ಲಂಘನೆ ಎಂದು ತಿಳಿಸಿತು. ಪಾದಚಾರಿಗಳಿಗೂ ಗಾಡಿಯೊಳಗಿನವರಿಗೂ ಅಪಾಯ ಎಂಬುದು ಅದಕ್ಕೆ ಕೊಟ್ಟ ಕಾರಣ. ಅಪಘಾತದಲ್ಲಿ ಮುದುಡಿ ಪೆಟ್ಟನ್ನು ನುಂಗಬೇಕಾದ ಮೂತಿಗೆ ಗಟ್ಟಿ ಉಕ್ಕು ಕಟ್ಟಿದರೆ ಆ ಮುದುಡುವಿಕೆಯ ಲೆಕ್ಕ ತಪ್ಪುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸಮಯವೂ ತಪ್ಪಬಹುದು.

ಕಾನೂನು ಒಪ್ಪುವ ದೇಶಗಳಲ್ಲಿ ಈ ಕೆಲಸವನ್ನು ಚೊಕ್ಕವಾಗಿ ಮಾಡುವವರ ಕ್ರಮ ಹೀಗಿದೆ. ಬಂಪರ್ ಕೂರಿಸುವ ಮೊದಲೇ ಮುಂದಿನ ಆಕ್ಸಲ್ ತೂಗಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಬಂಪರ್ ಕೂತ ಮೇಲೆ ಅದೇ ಅಳತೆ ಮತ್ತೊಮ್ಮೆ. ಎರಡರ ವ್ಯತ್ಯಾಸ ನೋಡಿ ಸ್ಪ್ರಿಂಗು ಆರಿಸುತ್ತಾರೆ. ತೋಳುಗಳ ಬುಷ್ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವುದು ಗಾಡಿ ಜಾಕಿನ ಮೇಲಿದ್ದಾಗ ಅಲ್ಲ, ನಾಲ್ಕೂ ಚಕ್ರ ನೆಲದ ಮೇಲೆ ನಿಂತು ಪೂರ್ತಿ ಭಾರ ಬಿದ್ದಾಗ. ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ ಹೆಡ್‌ಲೈಟ್ ಹೊಂದಿಸುತ್ತಾರೆ. ಹೊಸ ಸ್ಪ್ರಿಂಗು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕೆಲವು ಮಿಲಿಮೀಟರ್ ತಗ್ಗಿ ತನ್ನ ಮಟ್ಟಕ್ಕೆ ಕೂರುತ್ತದೆ. ಆಗ ಎತ್ತರವನ್ನು ಮತ್ತೆ ಅಳೆದು, ಅಲೈನ್‌ಮೆಂಟ್ ಎರಡನೇ ಸಲ ನೋಡಿ, ಬಂಪರನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಬಿಗಿಯನ್ನೂ ಪರೀಕ್ಷಿಸುತ್ತಾರೆ.